ಬಾಳವ್ವನ ಅಂಗೈ, ಅಡಿವೆಯ್ಯನ ತಂಬಿಗೆ

ಮೊದಲಿಗೆ ಹೊಳೆದಂಡೆಯ ಕಲ್ಮೇಶನಿಗೆ ಶರಣು. ನೋವು ಕೊಡುವವನೂ ಅವನೇ, ನೊಂದವರ ತಲೆಯ ಮೇಲೆ ಕೈ ಇಡುವವನೂ ಅವನೇ. ಅವನ ಹೆಸರು ಹೇಳಿ ಶುರು ಮಾಡುತ್ತೇನೆ, ತಪ್ಪಿದರೆ ಅವನೇ ತಿದ್ದಲಿ. ಹತ್ತಿರ ಕೂತುಕೊಳ್ಳಿರಪ್ಪಾ, ನನ್ನ ದನಿ ಸಣ್ಣದು.

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನಿಗೂ ಹಿಂದೆ, ಕರಿಮಣ್ಣಿನ ಸೀಮೆಯಲ್ಲಿ ಕಂಚಳ್ಳಿ ಅಂತ ಒಂದು ಊರು. ಆ ಊರಲ್ಲಿ ಬಾಳವ್ವ ಅಂತ ಒಬ್ಬಾಕೆ ಇದ್ದಳಂತೆ. ಕಂಬಳಿ ನೇಯುವವರ ಮನೆಯವಳು. ಉಣ್ಣೆ ಹಿಂಜಿ ಹಿಂಜಿ ಅವಳ ಅಂಗೈ ಮೆತ್ತಗಾಗಿತ್ತಂತೆ. ಆ ಅಂಗೈಯನ್ನು ಜ್ವರ ಬಂದವರ ಹಣೆಯ ಮೇಲಿಟ್ಟು, ಕಣ್ಣು ಮುಚ್ಚಿ ಕಲ್ಮೇಶನ ಹೆಸರು ಹೇಳಿದರೆ, ಬಿಸಿಲಿಗೆ ಕಾದ ಕಲ್ಲಿನಿಂದ ಬರುವಂಥ ಒಂದು ಕಾವು ಮೈಯೊಳಗೆ ಇಳಿಯುತ್ತಿತ್ತಂತೆ. ಇಳಿದು ಬೇನೆಯನ್ನು ಹೊರಗೆ ದೂಡುತ್ತಿತ್ತಂತೆ. ಹಾಗನ್ನುತ್ತಾರೆ.

ಅವಳದು ಒಂದೇ ಕಟ್ಟಳೆ. ಬೇನೆಯವರು ತಮ್ಮನ್ನು ಕಂಡರೆ ಆಗದ ಒಬ್ಬರನ್ನು ಜೊತೆಗೆ ಕರೆತರಬೇಕು. ಅವರು ನೀರಿನ ತಂಬಿಗೆ ಹಿಡಿದು ತಲೆದೆಸೆಗೆ ನಿಲ್ಲಬೇಕು. ಬಾಳವ್ವ ಕೈ ತೆಗೆದ ಮೇಲೆ ಆ ನೀರನ್ನು ಅವರೇ ಕುಡಿಸಬೇಕು. ಸೊಸೆ ಮಲಗಿದರೆ ಅತ್ತೆ ಬರುತ್ತಿದ್ದಳು. ಬದುವಿಗಾಗಿ ಜಗಳವಾಡಿದವರು ಒಬ್ಬರ ಹಿಂದೊಬ್ಬರು, ಮುಖ ಅತ್ತ ತಿರುಗಿಸಿಕೊಂಡು ಬರುತ್ತಿದ್ದರು. ಬರುವಾಗ ಮಾತಿಲ್ಲದೆ ಬಂದವರು ಎಷ್ಟೋ ಮಂದಿ, ಹೋಗುವಾಗ ಮಳೆ ಬೆಳೆಯ ಮಾತಾಡಿಕೊಂಡು ಹೋದರಂತೆ.

ಅದೇ ಓಣಿಯ ಕೊನೆಗೆ ಅಡಿವೆಯ್ಯ ಅಂತ ಒಬ್ಬ ವೈದ್ಯ. ಬೇರು ತೊಗಟೆ ಬಲ್ಲವನು, ನಾಡಿ ಹಿಡಿದರೆ ನಿನ್ನೆ ಉಂಡದ್ದು ಹೇಳುವವನು. ದೇವರಿಗೆ ಕೈ ಮುಗಿಯುತ್ತಿದ್ದ, ಬಾಳವ್ವನ ಕೈಯನ್ನು ಮಾತ್ರ ನಂಬುತ್ತಿರಲಿಲ್ಲ. ಎಮ್ಮೆಯ ಮೈ ಮುಟ್ಟಿದರೂ ಕಾವು ಇರುತ್ತದೆ, ಅದರ ಮುಂದೂ ಕಾಯಿ ಒಡೆಯಿರಿ ಅನ್ನುತ್ತಿದ್ದನಂತೆ. ಅರ್ಧ ಜ್ವರ ತಾವೇ ಇಳಿಯುತ್ತವೆ, ಉಳಿದರ್ಧ ನನ್ನ ಕಷಾಯಕ್ಕೆ ಇಳಿಯುತ್ತವೆ ಅನ್ನುತ್ತಿದ್ದನಂತೆ. ನಾನು ಕಲ್ಮೇಶನ ಭಕ್ತ, ಆದರೂ ಹೇಳುತ್ತೇನೆ, ಅವನ ಮಾತಿನಲ್ಲಿ ಹುರುಳಿತ್ತು. ಜನ ಬೆಳಿಗ್ಗೆ ಅವನ ಕಷಾಯ ಕುಡಿಯುತ್ತಿದ್ದರು, ಸಂಜೆ ಅವಳ ಅಂಗಳಕ್ಕೆ ಹೋಗುತ್ತಿದ್ದರು, ಮರುದಿನ ಎದ್ದು ಓಡಾಡುತ್ತಿದ್ದರು. ಕಾಯಿ ಹೂವು ಮಾತ್ರ ಬಾಳವ್ವನ ಬಾಗಿಲಿಗೇ ಹೋಗುತ್ತಿದ್ದವು.

ಇದನ್ನು ನೋಡಿ ನೋಡಿ ಅಡಿವೆಯ್ಯನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಕಷಾಯಕ್ಕೆ ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚು ನೆಲಬೇವು ಹಾಕತೊಡಗಿದನಂತೆ, ನನ್ನ ಕಹಿಯಾದರೂ ಇವರಿಗೆ ನೆನಪಿರಲಿ ಅಂತ. ಜನ ಮುಖ ಹಿಂಡಿಕೊಂಡು ಕುಡಿದು, ಬಾಳವ್ವನ ಮನೆಯ ನೀರು ಎಷ್ಟು ಸಿಹಿ ಅನ್ನುತ್ತಿದ್ದರಂತೆ. ಕಟ್ಟೆಯ ಮೇಲೆ ಕೂತು, ಯಾರು ಅತ್ತ ಹೋದರು ಯಾರು ಬಂದರು ಅಂತ ನೋಡುವುದೇ ಅವನ ಕೆಲಸವಾಯಿತು. ಶುಂಠಿ ಕುಟ್ಟಿದರೆ ಪುಡಿ ಓಣಿಗೆ ಸಿಡಿಯುವ ಹಾಗೆ ಕುಟ್ಟುತ್ತಿದ್ದ. ಒಂದು ದಿನ ಅವನ ಹೆಂಡತಿ ಬಸಲಿಂಗಮ್ಮನೇ ತಲೆನೋವು ಅಂತ ಹೋಗಿ ಬಂದಳು. ತಂಬಿಗೆ ಹಿಡಿಯಲು ಯಾರನ್ನು ಕರೆದುಕೊಂಡು ಹೋಗಿದ್ದೆ ಎಂದು ಕೇಳಿದ. ನಿಮ್ಮ ಅಕ್ಕನನ್ನು ಅಂದಳಂತೆ. ಆವತ್ತು ಅವನು ಉಣ್ಣಲಿಲ್ಲ.

ಹೀಗಿರುವಾಗ ಬಾಳವ್ವನೇ ಜ್ವರ ಬಂದು ಮಲಗಿದಳು. ತನ್ನ ಕೈ ತನ್ನ ಹಣೆಗೇ ಇಟ್ಟುಕೊಂಡಳು, ಇಳಿಯಲಿಲ್ಲ. ದಿನದಿನಕ್ಕೆ ಕೃಶಳಾದಳು. ಕಷಾಯ ತರೋಣ ಎಂದರೆ ಅವಳ ಭಕ್ತರೇ ಅಡ್ಡ ನಿಂತರು. ಬಾಳವ್ವನೇ ಮದ್ದು ಕುಡಿದರೆ ಆ ಕೈಗೆ ಇನ್ನೇನು ಉಳಿಯಿತು, ಅವಳ ಕಟ್ಟಳೆಯಂತೆಯೇ ಆಗಲಿ ಎಂದರು. ಕಟ್ಟಳೆಯಂತೆ ಅಂದರೆ ಅವಳನ್ನು ಕಂಡರೆ ಆಗದವರು ಬೇಕು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರಂತೆ. ಆಮೇಲೆ ಎಲ್ಲರ ಮುಖವೂ ಓಣಿಯ ಕೊನೆಗೆ ತಿರುಗಿತಂತೆ.

ಕರೆಯಲು ಹೋದರೆ ಅಡಿವೆಯ್ಯ ಕಟ್ಟೆ ಬಿಟ್ಟು ಏಳಲಿಲ್ಲ. ತಾನು ಹೋಗದಿದ್ದರೆ ಆಕೆಯ ಕಟ್ಟಳೆಯೂ ಮುಗಿಯಿತು, ಹೆಸರೂ ಮುಗಿಯಿತು ಎಂಬುದು ಒಂದು ಗಳಿಗೆ ಅವನ ಎದೆಯಲ್ಲಿ ಬೆಲ್ಲದಂತೆ ಕರಗಿತಂತೆ. ಆಗ ಬಸಲಿಂಗಮ್ಮ ಬಾಗಿಲಲ್ಲಿ ನಿಂತು ಅಂದಳಂತೆ:

"ಕುಂದರ್ರಿ ಹಂಗ. ಆಕಿ ಸತ್ತರ ನಾಳಿಂದ ಈ ಕಟ್ಟಿ ಮ್ಯಾಲೆ ಕುಂತು ಯಾರನ್ನ ನೋಡ್ತೀರಿ?"

ಅವನು ಎದ್ದ.

ಬಾಳವ್ವನ ಹತ್ತಿರ ಕೂತದ್ದೇ, ರೂಢಿಬಲದಿಂದ ಅವನ ಬೆರಳು ಅವಳ ನಾಡಿಗೆ ಹೋಯಿತಂತೆ. ಇದು ತನ್ನ ಕಷಾಯಕ್ಕೆ ಬಗ್ಗುವ ಜ್ವರ ಅಂತ ಗೊತ್ತಾಯಿತು. ಆಗ ಅವಳು ಅವನೊಬ್ಬನಿಗೇ ಕೇಳುವ ಹಾಗೆ ಮಾತಾಡಿದಳಂತೆ.

"ಅಯ್ಯಾರ, ನನಗೂ ನಿಮ್ಮನ್ನ ಕಂಡರ ಆಗೂದಿಲ್ಲ. ನನ್ನ ಕೈ ನಂಬಿದವರಿಗಷ್ಟ ನಾಟತೈತಿ. ನಿಮ್ಮ ಕಷಾಯ ಬೈಕೋಂತ ಕುಡದವರಿಗೂ ನಾಟತೈತಿ. ಅದನ್ನ ನೋಡಿ ನೋಡಿ ಹೊಟ್ಟಿ ಉರಕೊಂಡೇನಿ."

ಅಡಿವೆಯ್ಯ ನಾಡಿ ಬಿಟ್ಟ. ನೀರು ನಮ್ಮ ಬಾವಿಯದೇ ಆಗಬೇಕು, ತರುತ್ತೇನೆ ಅಂತ ಮಂದಿಗೆ ಹೇಳಿ ಮನೆಗೆ ಬಂದ. ಒಲೆ ಹೊತ್ತಿಸಿ ಕಷಾಯಕ್ಕಿಟ್ಟ. ಆ ಹೆಚ್ಚಿನ ನೆಲಬೇವಿನ ಹಿಡಿ ಕೈಗೆ ಬಂತು. ಅದನ್ನು ಹಾಕಿದರೆ, ಆಕೆ ಮುಖ ಹಿಂಡಿದ ಕೂಡಲೇ ಅಡಿವೆಯ್ಯನ ಮದ್ದು ಅಂತ ಊರಿಗೆಲ್ಲ ತಿಳಿಯುತ್ತದೆ. ತಿಳಿದರೆ ಭಕ್ತರು ಕುಡಿಯಗೊಡುವುದಿಲ್ಲ. ಆ ಹಿಡಿಯನ್ನು ಒಲೆಯ ಪಕ್ಕಕ್ಕೆ ಇಟ್ಟುಬಿಟ್ಟ. ಇದ್ದ ಕಹಿಯೂ ಮುಚ್ಚುವ ಹಾಗೆ ಜೇಷ್ಠಮಧು ಹಾಕಿದ, ಬೆಲ್ಲ ಹಾಕಿದ. ಆರಿಸಿ, ಬಾಯಿ ಸಣ್ಣದಾದ ತಾಮ್ರದ ತಂಬಿಗೆಗೆ ತುಂಬಿದ.

ಬಾಳವ್ವನಿಗೆ ಕೈ ಎತ್ತುವ ಶಕ್ತಿಯಿರಲಿಲ್ಲ. ಅವನೇ ತನ್ನ ಅಂಗೈಯನ್ನು ಅವಳ ಹಣೆಯ ಮೇಲಿಟ್ಟನಂತೆ. ಇಟ್ಟ ಮೇಲೆ ಏನು ಹೇಳಬೇಕೋ ತಿಳಿಯದೆ ಕಲ್ಮೇಶಾ ಅಂದನಂತೆ. ಆಮೇಲೆ ತಂಬಿಗೆ ಬಾಗಿಸಿ ಕುಡಿಸಿದ. ಅವಳು ಕುಡಿದು, ಅವನ ಕಣ್ಣನ್ನೇ ನೋಡುತ್ತ, ಎಲ್ಲರಿಗೂ ಕೇಳುವ ಹಾಗೆ ಅಂದಳಂತೆ:

"ನೀರು ಸಿಹಿ ಅದಾವ. ನಾಳೆನೂ ತರ್ರಿ."

ನಾಳೆಯೂ ತಂದ, ನಾಡಿದ್ದೂ ತಂದ. ಜ್ವರ ಇಳಿಯಿತು. ಊರೆಲ್ಲ ಬಾಳವ್ವನ ಬಾಗಿಲಲ್ಲಿ ಕಾಯಿ ಒಡೆಯಿತು. ಅಡಿವೆಯ್ಯ ಕಟ್ಟೆಯ ಮೇಲೆ ಕೂತು ನೋಡಿದ. ಹೊಟ್ಟೆ ಉರಿಯಿತೇ ಅಂತ ಕೇಳಿದರೆ, ಉರಿಯಿತಂತೆ, ಸ್ವಲ್ಪ. ಮನುಷ್ಯನಲ್ಲವೇ. ಆದರೂ ಬಾಯಿ ಬಿಡಲಿಲ್ಲ, ಅವಳೂ ಬಿಡಲಿಲ್ಲ. ಸಂಗತಿ ಹೊರಬಿದ್ದದ್ದು ಇಬ್ಬರೂ ಕಣ್ಣು ಮುಚ್ಚಿದ ಮೇಲೆ, ಬಸಲಿಂಗಮ್ಮನ ಬಾಯಿಂದ. ಒಲೆಯ ಪಕ್ಕದ ಆ ನೆಲಬೇವನ್ನು ಅವಳು ಕಂಡಿದ್ದಳಂತೆ.

ಕಷಾಯ ಉಳಿಸಿತು ಅನ್ನುವವರು ಇದ್ದಾರೆ, ಕೈ ಉಳಿಸಿತು ಅನ್ನುವವರೂ ಇದ್ದಾರೆ. ನನ್ನನ್ನು ಕೇಳಿದರೆ, ಆ ಹಿಡಿ ಕಹಿಯನ್ನು ಅವನ ಕೈಯಿಂದ ಬಿಡಿಸಿದವನು ಕಲ್ಮೇಶ ಅನ್ನುತ್ತೇನೆ. ಉಳಿದದ್ದನ್ನು ಬಲ್ಲವರು ಹೇಳಲಿ.

ಕಂಚಳ್ಳಿಯಲ್ಲಿ ಇವತ್ತಿಗೂ ಯಾರೂ ಮದ್ದು ತಪ್ಪಿಸುವುದಿಲ್ಲ. ದವಾಖಾನೆಯ ಗುಳಿಗೆ ತಂದರೂ ಸರಿ, ಮಾತು ಬಿಟ್ಟವರ ಮನೆಗೆ ಮೊದಲು ಒಂದು ಖಾಲಿ ತಂಬಿಗೆ ಕಳಿಸುತ್ತಾರೆ. ಆ ಮನೆಯವರು ಯಾಕೆಂದು ಕೇಳುವುದಿಲ್ಲ. ನೀರು ತುಂಬಿ, ಒಂದು ಚೂರು ಬೆಲ್ಲ ಹಾಕಿಕೊಂಡು, ತಾವೇ ಹೊತ್ತು ತರುತ್ತಾರೆ.

ಇಷ್ಟು ಹೊತ್ತು ಕೂತು ಕೇಳಿದ ನಿಮ್ಮೆಲ್ಲರ ಮೈ ಹಗುರವಾಗಿರಲಿ. ನೀವು ಮಲಗಿದ ದಿನ ನಿಮಗೆ ನೀರು ತರುವವರು ಇರಲಿ. ನಿಮ್ಮ ಬಾಗಿಲಿಗೆ ಬಂದ ತಂಬಿಗೆ ಎಂದೂ ಖಾಲಿ ಹೋಗದಿರಲಿ.