ಅಪ್ಪನ ಕಲ್ಲು, ಹನುಮಪ್ಪನ ಬೆಲ್ಲ

“ಯಜಮಾನ್ರ, ಗರಡಿಮನಿಗೆ ಹಾದಿ ಯಾವುದ್ರೀ?”

ಗೂಳವ್ವ ಕೇಳಿದ್ದಕ್ಕೆ ಕುರಿ ಕಾಯುವ ಮುದುಕ ನಕ್ಕ. “ಮುಂಜಾನೇನ ನಿನ್ನ ಮಗಗ ಹೇಳೀನಲ್ಲಬೇ! ಆಲದಮರ ಎಡಗೈಗೆ ಬಿಟ್ಟು ನಡಿ ಅಂತ!”

ಮಗ ಬಾಳ್ಯಾ ಹಾಗೇ ನಡೆದಿದ್ದ. ಆಲದಮರ ಎಡಗೈಗೇ ಇರಬೇಕಲ್ಲ! ಸುತ್ತಿದ, ಸುತ್ತಿದ, ಹೊತ್ತು ನೆತ್ತಿಗೇರುವ ತನಕ ಅದನ್ನೇ ಸುತ್ತಿದ. ಗೂಳವ್ವನೂ ಸುಮ್ಮನೆ ಹಿಂದೆ ಸುತ್ತಿದ್ದಳು. ತಡವಾದಷ್ಟೂ ಒಳ್ಳೆಯದೇ ಅನ್ನುವಷ್ಟು ಹೆದರಿಕೆ ಅವಳಿಗೆ.

ಅವಳ ಗಂಡ ಸತ್ತದ್ದು ಆ ಗರಡಿಯ ಗುಂಡುಕಲ್ಲಿನ ಕೆಳಗೆ. ಅಪ್ಪನನ್ನು ಕೊಂದ ಕಲ್ಲನ್ನು ಮಗ ಒಮ್ಮೆಯಾದರೂ ಎತ್ತಬೇಕು, ಇಲ್ಲವಾದರೆ ಸತ್ತವನಿಗೆ ನೆಮ್ಮದಿಯಿಲ್ಲ. ಅದು ಆ ಊರ ಕಟ್ಟಳೆ. “ಹನುಮಪ್ಪಾ, ಮಗ ಜೀವಂತ ಹೊರಗ ಬಂದರ ಅವನ ತೂಕದ ಬೆಲ್ಲ ನಿನಗ” ಎಂದು ಹರಕೆ ಹೊತ್ತಿದ್ದಳು.

ಕೊನೆಗೂ ಗರಡಿ ಸಿಕ್ಕಿತು. ಅಲ್ಲಿ ಕಲಿಸುವ ವಸ್ತಾದಿ ಮೀಸೆ ತಿರುವಿದ. “ಮೈತೂಕದ ಅರ್ಧ ಎತ್ತಿದಾವ ಹುಡುಗ, ಸಮ ಎತ್ತಿದಾವ ಗಂಡಸು, ಒಂದೂವರಿ ಎತ್ತಿದಾವ ಪೈಲ್ವಾನ. ನಿಮ್ಮಪ್ಪ ತೂಕ ನೋಡದ ಎತ್ತಿ ಹೋದ. ನೀ ಅರ್ಧದಿಂದ ಶುರು ಮಾಡು. ಮೊದಲ ತಕ್ಕಡಿ ಏರು!”

ಅರ್ಧ! ಬಾಳ್ಯಾ ಒಂದು ಕಾಲು ತಟ್ಟೆಯಲ್ಲಿಟ್ಟ, ಇನ್ನೊಂದು ನೆಲದಲ್ಲೇ ಬಿಟ್ಟ.

“ಎಲಾ ಕೋಣ! ಇಡೀ ಮೈ ಹಾಕಬೇಕಲೇ, ಇಡೀ ಮೈ!”

“ಹಂಗ ಮೊದಲ ಹೇಳಬಾರದೇನ್ರೀ?”

ತೂಕವಾಯಿತು. ಅಪ್ಪನ ಕಲ್ಲು ಮಗನಿಗೆ ಸರೀ ಸಮ. “ಅರ್ಧದ್ದು ಬ್ಯಾಡ, ಸಮ ಐತಿ, ಇದನ್ನ ಎತ್ತು!” ಅಂದ ವಸ್ತಾದಿ. ಬಾಳ್ಯಾ ಇಡೀ ಮೈ ಹಾಕಿದ. ಕಲ್ಲಿನ ಮೇಲೆ ಬೋರಲು ಮಲಗಿದ!

“ಕತ್ತೆ! ಮಲಗಾಕ ಬಂದೀಯೇನು? ತಬ್ಬಿ ಹಿಡಿ, ಎದ್ದು ನಿಲ್ಲು. ನಾ ‘ಬಿಡು’ ಅನ್ನೋತನ ಬಿಡಬ್ಯಾಡ!”

ಬಾಳ್ಯಾ ಎತ್ತಿದ. ಕಲ್ಲು ಎದೆಗೆ ಬಂತು. ಗೂಳವ್ವನ ಗಂಡನೂ ಹೀಗೇ ನಿಂತಿದ್ದನಂತೆ, ಹೀಗೇ ಕತ್ತಿನ ನರ ಉಬ್ಬಿತ್ತಂತೆ.

“ಭಲೇ! ಸಾಕು!” ಬಾಳ್ಯಾ ಬಿಡಲಿಲ್ಲ.

“ಇಳಿಸಲೇ!” ಬಿಡಲಿಲ್ಲ.

“ಕೆಳಗಿಡೋ, ಸಾಯ್ತೀ!” ಬಿಡಲಿಲ್ಲ. ಮುಖ ಕಪ್ಪಿಟ್ಟಿತು.

ಮಗನ ಬುದ್ಧಿ ಹೆತ್ತವಳಿಗೆ ಗೊತ್ತು. ವಸ್ತಾದಿಯ ರಟ್ಟೆ ಹಿಡಿದು ಚೀರಿದಳು: “ಬಿಡು ಅನ್ರೀ! ಬರೇ ಬಿಡು ಅನ್ರೀ!”

“ಬಿ... ಬಿಡು!”

ಧಡ್! ವಸ್ತಾದಿಯ ಹೆಬ್ಬೆರಳಿಗೆ ಗೇಣು ದೂರದಲ್ಲಿ ಬಿತ್ತು ಕಲ್ಲು.

“ಹುಚ್ಚಪ್ಪ!” ಬೆವರು ಒರೆಸಿಕೊಂಡ ವಸ್ತಾದಿ. “ಇನ್ನ ಮ್ಯಾಲೆ ನಿನಗಿಂತ ಭಾರದ್ದು ಕಂಡರ ಕೈ ಹಚ್ಚಬ್ಯಾಡ! ಮೊದಲ ತಿಂದು ಅದರ ಸಮ ಆಗು!”

“ಹೂಂರೀ” ಅಂದ ಬಾಳ್ಯಾ.

ಹರಕೆ ಉಳಿಯಬಾರದಲ್ಲ! ಗೂಳವ್ವ ಅದೇ ತಕ್ಕಡಿಯನ್ನು ಹನುಮಪ್ಪನ ಮುಂದೆ ತರಿಸಿ, ಮಗನನ್ನು ಕೂರಿಸಿ, ಬೆಲ್ಲದ ಪೆಂಟಿಗಳನ್ನು ಒಂದೊಂದಾಗಿ ಪೇರಿಸಿದಳು. ಅವಸರಕ್ಕೆ ಒಂದು ಪೆಂಟಿ ಹೆಚ್ಚೇ ಬಿತ್ತು. ಬೆಲ್ಲ ಕೆಳಗೆ, ಬಾಳ್ಯಾ ಮೇಲೆ!

“ನನಗಿಂತ ಭಾರ!” ಅಂದವನೇ ಕೆಳಗೆ ಹಾರಿದ. ಕೈ ಹಚ್ಚಬಾರದಲ್ಲ, ಹಿಂದೆ ಕಟ್ಟಿಕೊಂಡ. ಮೊಣಕಾಲೂರಿ ಬೆಲ್ಲಕ್ಕೆ ಬಾಯಿ ಹಾಕಿದ.

“ದೇವರದೋ ಪಾಪೀ! ಕೊಟ್ಟ ಜೀವ ಕಸ್ಕೋತಾನೋ!” ಎಂದು ಕೂಗಿದಳು ಗೂಳವ್ವ.

ತಿಂದ, ಹತ್ತಿ ನೋಡಿದ. ಇಳಿದ, ಮತ್ತೆ ತಿಂದ. ಮತ್ತೆ ಹತ್ತಿದ. ತಕ್ಕಡಿ ಅಲ್ಲಾಡಿ, ಅಲ್ಲಾಡಿ, ಸರೀ ಸಮ ನಿಂತಿತು.

“ಸಮ ಆತಬೇ!” ಎಂದು ತುಟಿ ನೆಕ್ಕಿದ ಬಾಳ್ಯಾ.

ಗೂಳವ್ವ ಹೆದರುತ್ತ ಹೆದರುತ್ತ ಹನುಮಪ್ಪನ ಮುಖ ನೋಡಿದಳು. ತಕ್ಕಡಿ ನೋಡಿದಳು. ಕೈ ಮುಗಿದಳು.

“ತೂಕ ಸರಿ ಐತಿ ನನ್ನಪ್ಪಾ. ತಟ್ಟ್ಯಾಗಿಂದು ನಿನಗ, ಹೊಟ್ಟ್ಯಾಗಿಂದು ಪ್ರಸಾದ. ನನ್ನ ಋಣ ಹರೀತು.”