ಏಳು ನಿಮಿಷದ ಸಂಭ್ರಮ

"ಗುರುಗಳೇ, ನನ್ನ ಪ್ರವಚನಕ್ಕೆ ಬಂದವರು ಕೊನೆಯವರೆಗೂ ಕದಲುವುದಿಲ್ಲ. ಆದರೂ ಅದನ್ನು ತಿದ್ದು ಎನ್ನುತ್ತೀರಿ. ಚೆನ್ನಾಗಿರುವುದನ್ನು ತಿದ್ದುವುದು ಯಾಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ವೆಬ್‌ಸೈಟ್ ಕಟ್ಟುವವನೊಬ್ಬನಿದ್ದ. ಕೆಲಸ ಹಿಡಿದರೆ ಊಟ ಮರೆಯುವ ಆಸಾಮಿ. ಅದೇ ಊರಿನ ನರ್ಸಮ್ಮ ಒಬ್ಬಳು ಆಸ್ಪತ್ರೆಯ ಕೆಲಸ ಬಿಟ್ಟು, ಹಾಸಿಗೆ ಹಿಡಿದವರ ಮನೆಗೆ ದಾದಿಯರನ್ನು ಕಳಿಸುವ ಏಜೆನ್ಸಿ ತೆರೆದಿದ್ದಳು. ಹನ್ನೊಂದು ಹೆಂಗಸರು ಅವಳನ್ನೇ ನಂಬಿ ದಾದಿ ಕೆಲಸಕ್ಕೆ ಬಂದಿದ್ದರು. ಜನಕ್ಕೆ ಗೊತ್ತಾಗಲೆಂದು ಒಂದು ವೆಬ್‌ಸೈಟ್ ಮಾಡಿಕೊಡು ಎಂದಳು.

ಅವನಿಗೆ ಎಲ್ಲಿಲ್ಲದ ಹುರುಪು ಬಂತು. ಸುಮ್ಮನೆ ಓದುವ ಪುಟ ಸಾಲದು, ಮುಟ್ಟಿದರೆ ಅದು ಆಡಬೇಕು ಎಂದುಕೊಂಡ. ಪರದೆಯ ಮೇಲೆ ಬೆರಳಾಡಿಸಿದರೆ ದೀಪ ಹೊತ್ತುವುದು, ದೀಪ ಹೊತ್ತಿದರೆ ಬಾಗಿಲು ತೆರೆಯುವುದು, ಬಾಗಿಲ ಹಿಂದೆ ಒಬ್ಬ ದಾದಿ ನಗುವುದು. ಫೋನ್ ನಂಬರನ್ನು ಕೊನೆಯ ಬಾಗಿಲ ಹಿಂದೆ ಇಟ್ಟ. ಎಲ್ಲ ನೋಡಿದ ಮೇಲೆ ಸಿಕ್ಕರೆ ಚೆಂದವಂತೆ. ಮೊದಲ ಬಾಗಿಲು ತೆರೆದುಕೊಂಡಾಗ ಕುರ್ಚಿ ಬಿಟ್ಟೆದ್ದು ಕುಣಿದ.

ಬಂದವರು ಪುಟದಲ್ಲಿ ಎಷ್ಟು ಹೊತ್ತು ಇರುತ್ತಾರೆಂದು ನೋಡುವ ಏರ್ಪಾಡೂ ಇತ್ತು. ಒಬ್ಬೊಬ್ಬರೂ ಏಳು ನಿಮಿಷ ಇರುತ್ತಿದ್ದರು. ಬೇರೆಯವರ ಪುಟದಲ್ಲಿ ಜನ ಒಂದು ನಿಮಿಷ ನಿಂತರೆ ಹೆಚ್ಚು. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ತಿಂಗಳು ಕಳೆದ ಮೇಲೆ ನರ್ಸಮ್ಮ ಬಂದಳು. "ಫೋನೇ ಬರ್ತಿಲ್ಲಪ್ಪ. ದಾದಿಯರಲ್ಲಿ ನಾಲ್ಕು ಜನ ಆಗಲೇ ಬಿಟ್ಟು ಹೋದ್ರು. ಉಳಿದವರನ್ನ ಎಷ್ಟು ದಿನ ಸುಮ್ಮನೆ ಕೂರಿಸಲಿ?"

"ಜನ ಏಳು ನಿಮಿಷ ನೋಡ್ತಾರಲ್ಲ ಅಕ್ಕ" ಎಂದ ಅವನು.

ಅವಳು ಅವನನ್ನು ಪಕ್ಕದ ಬೀದಿಯ ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಅತ್ತೆ ಸೊಂಟ ಮುರಿದುಕೊಂಡು ಮಲಗಿದ್ದರು. ಸೊಸೆಯ ಕೈಗೆ ವೆಬ್‌ಸೈಟ್ ತೆರೆದ ಫೋನ್ ಕೊಟ್ಟು, ಇದರಲ್ಲಿ ಒಬ್ಬ ದಾದಿಯನ್ನು ಹುಡುಕಿಕೊಳ್ಳಿ ಎಂದಳು. ಅವನು ಹಿಂದೆ ನಿಂತ. ಸೊಸೆ ದೀಪ ಒತ್ತಿದಳು, ಬಾಗಿಲು ಒತ್ತಿದಳು, ಮೊದಲ ಪುಟಕ್ಕೆ ಹಿಂತಿರುಗಿದಳು, ಮತ್ತೆ ದೀಪ ಒತ್ತಿದಳು. ಒಳಗಿನಿಂದ ಅತ್ತೆ ಎರಡು ಸಲ ಕೂಗಿದರು. ತೋರಿಸಿಬಿಡೋಣವೆಂದು ಅವನ ಕೈ ತುರಿಸಿತು, ತಡೆದುಕೊಂಡ. ಏಳನೆಯ ನಿಮಿಷಕ್ಕೆ ಸೊಸೆ ಫೋನ್ ಹಿಂತಿರುಗಿಸಿ, "ತುಂಬಾ ಚೆನ್ನಾಗಿದೆ. ಆದ್ರೆ ಯಾರನ್ನ ಕೇಳಬೇಕು ಅಂತಾನೇ ಗೊತ್ತಾಗಲಿಲ್ಲ" ಎಂದು ಅತ್ತೆಯ ಹತ್ತಿರ ಓಡಿದಳು.

ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಆದರೆ ಮನೆ ಮುಟ್ಟುವಷ್ಟರಲ್ಲಿ ಹಳೆಯ ಹುರುಪು ಇಮ್ಮಡಿಯಾಗಿ ಬಂದಿತ್ತು. ದೀಪ ಆರಿಸಿದ, ಬಾಗಿಲುಗಳನ್ನು ಕಿತ್ತುಹಾಕಿದ. ಪುಟ ತೆರೆದರೆ ಒಂದೇ ಪ್ರಶ್ನೆ: ಯಾರಿಗೆ ಆರೈಕೆ ಬೇಕು? ಅಮ್ಮನಿಗೋ ಅತ್ತೆಗೋ ಮಗುವಿಗೋ, ಒಂದನ್ನು ಒತ್ತಿದರೆ ದಾದಿಯ ಹೆಸರು, ಅದರ ಕೆಳಗೆ ಕರೆ ಮಾಡುವ ಗುಂಡಿ.

ಜನ ಪುಟದಲ್ಲಿ ಇರುವ ಹೊತ್ತು ಏಳು ನಿಮಿಷದಿಂದ ನಲವತ್ತು ಸೆಕೆಂಡಿಗೆ ಇಳಿಯಿತು. ನರ್ಸಮ್ಮನ ಫೋನಿಗೆ ಬಿಡುವಿಲ್ಲದಾಯಿತು. ಬಿಟ್ಟು ಹೋಗಿದ್ದವರೂ ಹಿಂದಕ್ಕೆ ಬಂದರು. ಈಗ ವೆಬ್‌ಸೈಟನ್ನು ಯಾರೂ ಹೊಗಳಲಿಲ್ಲ. ಅವನು ಮಾತ್ರ ಮೊದಲಿಗಿಂತ ಹೆಚ್ಚು ಕುಣಿದ.

ಕತೆ ಮುಗಿಯಿತು. ಶಿಷ್ಯನಿಗೆ ನಗು ತಡೆಯಲಿಲ್ಲ. "ಒಳ್ಳೆ ಪೆದ್ದ. ದಾರಿ ಕಾಣದೆ ಸಿಕ್ಕಿಕೊಂಡವರನ್ನು ಮೆಚ್ಚಿ ಕೂತವರು ಎಂದುಕೊಂಡನಲ್ಲ" ಎಂದ.

ಗುರುಗಳು ಕೇಳಿದರು: "ನಿನ್ನ ಮುಂದೆ ಕದಲದೆ ಕೂತವರಲ್ಲಿ ಒಬ್ಬರನ್ನಾದರೂ ಏನು ತಿಳಿಯಿತೆಂದು ವಿಚಾರಿಸಿದ್ದೀಯಾ?"