ಕುಂಬಾರ ಮಾಡಿದ ಕೆರೆ

“ಗುರುಗಳೇ, ಒಂದು ದೊಡ್ಡ ವಸ್ತು ನಾಳೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಅದರಂತೆಯೇ ಒಂದು ಚಿಕ್ಕದನ್ನು ಮಾಡಿ ನೋಡಿ ಇವತ್ತೇ ಹೇಳಬಹುದೇ?” ಎಂದು ಶಿಷ್ಯ ಕೇಳಿದ.

“ಹೇಳುವುದಕ್ಕೇನು, ಬಾಯಿ ಇದ್ದವರೆಲ್ಲ ಹೇಳಬಹುದು. ಕೂತುಕೋ” ಎಂದು ಗುರುಗಳು ಕತೆ ಆರಂಭಿಸಿದರು.

ಒಂದು ಊರಿಗೆ ಒಂದು ಕೆರೆ ಇತ್ತು. ಕೆರೆಯ ಏರಿಯ ಕೆಳಗೆ ನಲವತ್ತು ಮನೆಗಳ ಒಂದು ಕೇರಿ. ಆ ವರ್ಷ ಮಳೆ ಬೇಗ ಹಿಡಿಯಿತು. ಕೆರೆ ತುಂಬುತ್ತಾ ಬಂತು. ಏರಿ ಹಳೆಯದು, ತಡೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ತೂಬು ತೆರೆದು ನೀರು ಹರಿಯಬಿಟ್ಟರೆ ಮುಂದಿನ ಬೆಳೆಗೆ ನೀರಿಲ್ಲ. ಬಿಡದೆ ಇದ್ದು ಏರಿ ಒಡೆದರೆ ಕೆಳಗಿನ ಕೇರಿಯೇ ಇಲ್ಲ. ಊರಿನ ಗೌಡನಿಗೆ ಅನ್ನ ಸೇರದಾಯಿತು.

ಆ ಕೇರಿಯಲ್ಲಿ ಒಬ್ಬ ಕುಂಬಾರನಿದ್ದ. “ಗೌಡರೇ, ನಾನೊಂದು ಚಿಕ್ಕ ಕೆರೆ ಮಾಡ್ತೀನಿ. ಅದೇ ಮಣ್ಣು, ಅದೇ ಅಳತೆಯ ಲೆಕ್ಕ. ನೀರು ತುಂಬಿಸಿ ನೋಡೋಣ” ಎಂದ. ಗೌಡ ಒಪ್ಪಿದ.

ಕುಂಬಾರ ಏರಿಯ ಉದ್ದ, ಅಗಲ, ಎತ್ತರವನ್ನು ಹಗ್ಗ ಹಿಡಿದು ಅಳೆದ. ಒಂದು ಮಾರು ಉದ್ದಕ್ಕೆ ಒಂದು ಬೆರಳಿನಂತೆ ಲೆಕ್ಕ ಹಾಕಿ ಅಂಗಳದಲ್ಲಿ ಕೆರೆ ಕಟ್ಟಿದ. ತೂಬು ಇಟ್ಟ, ಹೆಚ್ಚಾದ ನೀರು ಹರಿದುಹೋಗಲು ಕೋಡಿ ಇಟ್ಟ. ನಾಲ್ಕು ದಿನ ಊಟ ನಿದ್ದೆ ಬಿಟ್ಟು ಮಾಡಿದ. ಐದನೆಯ ದಿನ ಊರೆಲ್ಲ ಸೇರಿತು. ಕುಂಬಾರ ಕೊಡದ ಮೇಲೆ ಕೊಡ ನೀರು ಸುರಿದ. ನೀರು ಅಂಚಿಗೆ ಬಂತು. ಏರಿ ಮಿಸುಕಲಿಲ್ಲ. ಜನ ಕೈ ತಟ್ಟಿದರು. ಗೌಡ ಅವನ ಬೆನ್ನು ತಟ್ಟಿ, ಮನೆಗೆ ಹೋಗಿ ಹೊಟ್ಟೆ ತುಂಬ ಉಂಡ.

ಎಲ್ಲರೂ ಹೋದ ಮೇಲೆ ಕುಂಬಾರನ ಹೆಂಡತಿ ಅಂಗಳಕ್ಕೆ ಬಂದಳು. ಗಂಡನ ಚಕ್ರಕ್ಕೆ ಮಣ್ಣು ಹೊತ್ತು ತರುವವಳು ಅವಳು. ದಿನವೂ ಏರಿಯ ಮೇಲೆ ನಡೆಯುವವಳು.

“ಏನ್ರೀ, ನೀವು ಮಾಡಿರೋದು ಏರಿನೋ ಮಡಕೆನೋ?” ಎಂದಳು. “ನಮ್ಮೂರ ಏರಿ ಎಲ್ಲಿ ಇಷ್ಟು ನುಣ್ಣಗಿದೆ? ಹೆಗ್ಗಣದ ಬಿಲ ಎಲ್ಲಿ? ತೆಂಕಣ ಕಡೆ ಹೊಂಗೆಮರ ಕಡಿದ್ರಲ್ಲ, ಅದರ ಬೇರು ಒಳಗೇ ಕೊಳೀತಿದೆ. ಅದೆಲ್ಲಿ?”

ಕುಂಬಾರನಿಗೆ ಸಿಟ್ಟು ಬಂತು. ಬರದೆ ಏನು? ಊರೇ ಹೊಗಳಿದ ಕೆಲಸಕ್ಕೆ ಮನೆಯಲ್ಲಿ ಹುಳುಕು ಹುಡುಕಿದರೆ ಯಾರಿಗೆ ಹಿತ? ಆದರೆ ತನ್ನ ಕೈ ನೋಡಿಕೊಂಡ. ಮೂವತ್ತು ವರ್ಷ ಮಡಕೆ ಮಾಡಿದ ಕೈ. ಬಿರುಕು ಕಂಡರೆ ಹೇಳದೆ ಕೇಳದೆ ಸವರಿಬಿಡುವ ಕೈ. ಏರಿ ಕಟ್ಟುವಾಗಲೂ ಅದು ಅದನ್ನೇ ಮಾಡಿತ್ತು.

ಅವನು ಪೊರಕೆಕಡ್ಡಿ ತೆಗೆದುಕೊಂಡ. ಹೆಂಡತಿ ತೋರಿಸಿದಲ್ಲೆಲ್ಲ ಚುಚ್ಚಿದ. ಚುಚ್ಚಿದ ತೂತನ್ನು ಹೆಬ್ಬೆರಳು ಮತ್ತೆ ಮುಚ್ಚಲು ಹೋಯಿತು. ಹೆಂಡತಿ ಅವನ ಮಣಿಕಟ್ಟು ಹಿಡಿದು ನಿಂತಳು. ಹಾಗೆ ಏಳು ತೂತು ಆದವು. ನೀರು ಸುರಿದರು. ತೆಂಕಣ ತುದಿಯಲ್ಲಿ, ಬೇರು ಕೊಳೆತ ಜಾಗದಲ್ಲಿ, ಏರಿ ಒಡೆಯಿತು. ನೀರು ಅಂಗಳ ದಾಟಿ ಅವನ ಹೊಸಿಲಿಗೇ ಬಂತು.

ಕುಂಬಾರ ಗೌಡನ ಮನೆಗೆ ಓಡಿದ. ತನ್ನ ಮಾತನ್ನು ತಾನೇ ಅಲ್ಲಗಳೆಯಬೇಕಲ್ಲ, ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. ಜನ ನಕ್ಕರು. ಬೆಳಿಗ್ಗೆ ಒಂದು ಮಾತು, ಸಂಜೆ ಒಂದು ಮಾತು ಎಂದರು. ಗೌಡ ಬಾಯಿಗೆ ಬಂದಂತೆ ಬೈದ. ಬೈದರೂ ಬಂದು ನೋಡಿದ. ಒದ್ದೆಯಾದ ಹೊಸಿಲು ನೋಡಿ ಬೈಯುವುದನ್ನು ನಿಲ್ಲಿಸಿದ.

ತೆಂಕಣ ತುದಿಯನ್ನು ಅಗೆದು, ಬೇರು ಕಿತ್ತು, ಮಣ್ಣು ತುಂಬಿ, ಗುದ್ದಿ ಗುದ್ದಿ ದಮ್ಮಸು ಮಾಡಿದರು. ಮಕ್ಕಳು, ಮುದುಕರು, ದನಕರು ದಿಬ್ಬದ ಮೇಲೆ ಹೋದರು. ತೂಬು ತೆರೆಯಲಿಲ್ಲ. ಬದಲಿಗೆ, ಗೊತ್ತಿಲ್ಲದ ತೂತು ಇನ್ನೆಲ್ಲಿದೆಯೋ ಎಂದು, ಮನೆಗೊಬ್ಬರಂತೆ ಮಣ್ಣಿನ ಬುಟ್ಟಿ, ಹುಲ್ಲಿನ ಹೊರೆ ಇಟ್ಟುಕೊಂಡು ಏರಿಯ ಉದ್ದಕ್ಕೂ ನಿಂತರು.

ಮೂರನೆಯ ದಿನ ಮಧ್ಯಾಹ್ನ ಮಳೆ ಕೆರಳಿತು. ನೀರು ಕೋಡಿಯ ಮಟ್ಟ ಮುಟ್ಟಿತು. ಎಲ್ಲರ ಕಣ್ಣೂ ತೆಂಕಣ ತುದಿಯ ಮೇಲೆ. ಅಲ್ಲಿ ಒಂದು ಹನಿಯೂ ಜಿನುಗಲಿಲ್ಲ. ಅಷ್ಟರಲ್ಲಿ ಬಡಗಣ ಕಡೆಯಿಂದ ಒಬ್ಬ ಹೆಂಗಸು ಕೂಗಿಕೊಂಡಳು. ತೂಬಿನ ಪಕ್ಕದಲ್ಲಿ ಕೆಂಪು ನೀರು ಚಿಮ್ಮುತ್ತಿತ್ತು. ಕುಂಬಾರನ ಕೆರೆಯಲ್ಲಿ ಆ ಜಾಗದಲ್ಲಿ ತೂತೇ ಇರಲಿಲ್ಲ. ಅವನ ಹೆಂಡತಿಗೂ ಅದು ಗೊತ್ತಿರಲಿಲ್ಲ. ಹತ್ತಿರವಿದ್ದವರು ಓಡಿ ಬಂದರು. ಕೆರೆಯ ನೀರಿನ ಕಡೆ ಇದ್ದ ತೂತಿನ ಬಾಯಿಗೆ ಹುಲ್ಲಿನ ಹೊರೆ ಅದುಮಿ, ಮೇಲೆ ಬುಟ್ಟಿ ಬುಟ್ಟಿ ಮಣ್ಣು ಸುರಿದರು. ಚಿಮ್ಮುತ್ತಿದ್ದದ್ದು ಜಿನುಗಿತು, ಜಿನುಗುತ್ತಿದ್ದದ್ದು ನಿಂತಿತು.

ಸಂಜೆಗೆ ಮಳೆ ಬಿಟ್ಟಿತು. ಕೋಡಿ ತಿಳಿಯಾಗಿ ಹರಿಯಿತು. ದಿಬ್ಬದಿಂದ ಮಕ್ಕಳು ಕೇಕೆ ಹಾಕುತ್ತಾ ಇಳಿದರು. ನಲವತ್ತು ಮನೆಗಳಲ್ಲೂ ಒಲೆ ಹೊತ್ತಿತು. ಕುಂಬಾರ ಏರಿಯ ಮೇಲೆ ಕುಕ್ಕರಿಸಿ ಕೂತು ಅತ್ತ, ಆಮೇಲೆ ನಕ್ಕ. ಎಷ್ಟೋ ದಿನದ ಮೇಲೆ ಅವನ ಎದೆ ಹಗುರಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಗೆದ್ದವನಂತೆ ಕೇಳಿದ:

“ಮೊದಲನೆಯ ಚಿಕ್ಕ ಕೆರೆ ಏರಿ ಒಡೆಯುವುದಿಲ್ಲ ಎಂದಿತು, ಒಡೆಯಲಿಲ್ಲ. ಎರಡನೆಯದು ತೆಂಕಣ ತುದಿಯಲ್ಲಿ ಒಡೆಯುತ್ತದೆ ಎಂದಿತು, ಅಲ್ಲಿ ಏನೂ ಆಗಲಿಲ್ಲ. ಹಾಗಾದರೆ ಮೊದಲನೆಯದೇ ನಿಜ ಹೇಳಿದಂತಾಯಿತಲ್ಲ, ಗುರುಗಳೇ?”

“ಆಯಿತಪ್ಪ, ಆ ನಿಜವನ್ನು ನಂಬಿದ್ದರೆ ಅವತ್ತು ಏರಿಯ ಮೇಲೆ ಯಾರಿರುತ್ತಿದ್ದರು?”